ಹಳೇ ಫೈಲಿನ ಮುತ್ತಿನಂಥ ಅಕ್ಷರ

ಬೆಳಿಗ್ಗೆ ಒಂಬತ್ತಕ್ಕೆ ಇಸ್ಕ್ರಾ ಕಿರುಚಿದಳು. ಅವಳ ಹೊಸ ಪ್ರೋಗ್ರಾಂ ಸತ್ತಿತ್ತು. ಹನ್ನೊಂದಕ್ಕೆ ಪ್ಲೊವ್‌ದಿವ್‌ ಊರಿನ ಔಷಧಿ ಅಂಗಡಿ ಮಾಲೀಕರು ಅದನ್ನು ನೋಡಲು ಬರುವವರಿದ್ದರು.

ಪರದೆ ಮೇಲೆ ಒಂದೇ ಸಾಲು: ಕಂಟ್ರೋಲ್ ಲೋಡ್ ಆಗಲಿಲ್ಲ.

ನಿಜ ಹೇಳಲಾ? ನನಗೆ ಖುಷಿಯಾಯಿತು. ಕಿಟಕಿ ಪಕ್ಕದ ಮೇಜು ಮೊದಲು ನನ್ನದು. ಈ ಕೆಲಸವೂ ನನ್ನದಾಗಬೇಕಿತ್ತು. ಆರು ತಿಂಗಳ ಹಿಂದೆ ಬಂದವಳು ಎರಡನ್ನೂ ಕಿತ್ತುಕೊಂಡಳು. ಅವಳನ್ನು ಕಂಡರೆ ನನಗೆ ಹೊಟ್ಟೆ ಉರಿ. ಇಡೀ ಆಫೀಸಿಗೇ ಗೊತ್ತು. ಅದೇ ಎಡವಟ್ಟಾಯಿತು.

"ರುಮ್ಯಾನಾ, ನಿಂದೇ ಕೆಲಸ ತಾನೆ?" ದೊಯ್ಚೆವ್ ಸಾಹೇಬರು ಕೇಳಿದರು.

"ಅಲ್ಲ ಸಾರ್."

"ಹಾಗಾದ್ರೆ ಯಾರು ಅಂತ ಹನ್ನೊಂದರೊಳಗೆ ತೋರಿಸು. ಇಲ್ಲಾಂದ್ರೆ ಗಂಟುಮೂಟೆ ಕಟ್ಟು."

"ಒಪ್ಕೊಂಡ್ಬಿಡಿ ಅಕ್ಕಾ," ಅಂದಳು ಇಸ್ಕ್ರಾ.

"ಅಕ್ಕ ಗಿಕ್ಕ ಅನ್ಬೇಡ!"

*

ಇಸ್ಕ್ರಾಳ ಕಂಪ್ಯೂಟರ್ ಜಾಲಾಡಿದೆ. ಆ ಕಂಟ್ರೋಲ್ ಅಂದರೆ ಪರದೆಯಲ್ಲಿ ಪಟ್ಟಿ ಬಿಡಿಸಲು ಪ್ರೋಗ್ರಾಂ ಬಳಸುವ ಲೈಬ್ರರಿ ಫೈಲು; ಅದು ಇತ್ತು. ಆದರೆ ಮೂರು ವರ್ಷ ಹಳೇದು, ತೊಂಬತ್ತಾರರದ್ದು. ಹೆಸರು ಒಂದೇ, ಒಳಗೆ ಬೇರೆ. ಇಸ್ಕ್ರಾಳ ಪ್ರೋಗ್ರಾಂ ಕೇಳುವುದು ಆ ಮುದಿ ಫೈಲಿಗೆ ಗೊತ್ತೇ ಇಲ್ಲ.

ಅದರ ಒಂದು ಪ್ರತಿ ನಾನಿಟ್ಟುಕೊಂಡೆ. ಇಸ್ಕ್ರಾ ಹೊಸದನ್ನು ವಾಪಸ್ ಹಾಕಿದಳು. ಅವಳ ಪ್ರೋಗ್ರಾಂ ಉಳಿಯಿತು. ನನ್ನ ಕೆಲಸ?

"ನಿನ್ನೆ ಇದಕ್ಕೆ ಏನು ಹಾಕಿದ್ದೆ?" ಇಸ್ಕ್ರಾಳನ್ನು ಕೇಳಿದೆ.

"ಫ್ಯಾಕ್ಸ್ ಪ್ರೋಗ್ರಾಂ."

ಹೊಸದೇನಾದರೂ ಹಾಕುವಾಗ ಹಳೇ ಫೈಲು ತಾನಾಗೇ ನುಸುಳುವುದುಂಟು. ಅದರ ಸಿ.ಡಿ. ನೋಡಿದೆ. ಆ ಲೈಬ್ರರಿಯೇ ಅದರಲ್ಲಿರಲಿಲ್ಲ. ಅಂದರೆ ಯಾರೋ ಬೇಕಂತಲೇ ಹಾಕಿದ್ದಾರೆ.

"ಆ ತೊಂಬತ್ತಾರರ ಲೈಬ್ರರಿಯ ಫ್ಲಾಪಿ ನಿನ್ನ ಡ್ರಾಯರಲ್ಲೇ ಇದೆಯಲ್ಲ," ಅಂದರು ಸಾಹೇಬರು.

ಇತ್ತು.

ಮೆತೋದಿ ಮೇಷ್ಟ್ರು ಚೀಸ್ ತುಂಬಿದ ಬಿಸಿ ಬಾನಿತ್ಸಾ ಪಫ್ ತಂದು ನನ್ನ ಮುಂದಿಟ್ಟರು. ನಮಗೆಲ್ಲ ಕೆಲಸ ಕಲಿಸಿದವರು ಅವರೇ. "ತಿನ್ನು ಮಗಳೇ. ಹೊಟ್ಟೆಕಿಚ್ಚು ಯಾರಿಗಿಲ್ಲ ಹೇಳು?"

*

ಒಂದು ಪುಟ್ಟ ಪ್ರೋಗ್ರಾಂ ಬರೆದೆ. ಒಂದು ಪಟ್ಟಿ, ಅದರಲ್ಲಿ ನಮ್ಮ ಭಾಷೆಯ ಒಂದೇ ಪದ: ಔಷಧಿ. ನನ್ನ ಫ್ಲಾಪಿಯ ಫೈಲು ಹಾಕಿ ಓಡಿಸಿದೆ. ಪದ ಕಲಸುಮೇಲೋಗರವಾಯಿತು. ಆ ಕಾಲದ ಹೊರದೇಶದ ಲೈಬ್ರರಿಗಳು ನಮ್ಮ ಅಕ್ಷರಗಳನ್ನು ಹಾಗೇ ಕೆಡಿಸುತ್ತಿದ್ದವು.

ಇಸ್ಕ್ರಾಳ ಕಂಪ್ಯೂಟರಿನಲ್ಲಿ ಸಿಕ್ಕಿದ್ದನ್ನು ಹಾಕಿದೆ. ಅಕ್ಷರ ಮುತ್ತಿನ ಹಾಗೆ ಬಂತು!

ಎಲ್ಲರನ್ನೂ ಕರೆದು ಎರಡನ್ನೂ ತೋರಿಸಿದೆ.

"ಎರಡೂ ತೊಂಬತ್ತಾರರವೇ. ನಂದು ಅಕ್ಷರ ಕೆಡಿಸುತ್ತೆ, ಇದು ಕೆಡಿಸಲ್ಲ. ಯಾರೋ ಇದನ್ನ ಬಿಚ್ಚಿ ರಿಪೇರಿ ಮಾಡಿದ್ದಾರೆ. ಮೇಷ್ಟ್ರೇ, ಆಗ ಈ ರಿಪೇರಿ ಮಾಡಿದ್ದು ನೀವೊಬ್ಬರೇ. ನಾನು ಎಷ್ಟು ಗೋಗರೆದರೂ ಒಂದು ಪ್ರತಿ ಕೊಡಲಿಲ್ಲ. ಯಾರಿಗೂ ಕೊಡಲಿಲ್ಲ. ಮತ್ತೆ ಇದು ಇಲ್ಲಿಗೆ ಹೇಗೆ ಬಂತು?"

ಮೇಷ್ಟ್ರು ಕುರ್ಚಿ ಎಳೆದು ಕೂತರು.

"ನಾಲ್ಕು ತಿಂಗಳು ಕಣ್ಣು ಕಳಕೊಂಡು ಮಾಡಿದ್ದೆ," ಅಂದರು. "ಈಗ ಹೊಸದರಲ್ಲಿ ಅಕ್ಷರ ತಾನಾಗೇ ಸರಿ ಬರುತ್ತೆ. ಹಿಂದೆ ಹೇಗಿತ್ತು ಅಂತ ಈ ಇಸ್ಕ್ರಾ ಒಂದು ಸಲನೂ ಕೇಳಲಿಲ್ಲ."

"ನನ್ನ ಕೆಲಸ ಹೋಗಿದ್ದರೆ?"

"ನಿನ್ನ ಡ್ರಾಯರಲ್ಲಿ ಆ ಫ್ಲಾಪಿ ಇರೋದು ನನಗೆ ಗೊತ್ತಿತ್ತು ಮಗಳೇ."

ಹನ್ನೊಂದು ದಾಟಿದ ಮೇಲೆ ಪಕ್ಕದ ಕೋಣೆಯಲ್ಲಿ ಇಸ್ಕ್ರಾಳಿಗೆ ಅಂಗಡಿ ಮಾಲೀಕರ ಚಪ್ಪಾಳೆ ಬಿತ್ತು. ಮೇಷ್ಟ್ರ ಮುಖ ಕಪ್ಪಿಟ್ಟಿತು. ನನಗೂ ಆ ಚಪ್ಪಾಳೆ ಸಹಿಸಲಾಗಲಿಲ್ಲ.

ಫ್ಲಾಪಿಯನ್ನು ಎರಡು ತುಂಡು ಮಾಡಿ ಕಸದ ಬುಟ್ಟಿಗೆ ಎಸೆದೆ. ಕೆಲಸಕ್ಕೆ ಬಾರದ ಅದನ್ನು ಇಷ್ಟು ದಿನ ಯಾಕೆ ಇಟ್ಟುಕೊಂಡಿದ್ದೆ ಅಂತ ಮೇಷ್ಟ್ರು ಕೇಳಲಿಲ್ಲ. ಅವರು ಮಾಡಿದ್ದನ್ನೇ ನಾನೂ ಒಂದು ದಿನ ಮಾಡಬೇಕೆಂದಿದ್ದೆ; ಅದು ಅವರಿಗೆ ಗೊತ್ತಿತ್ತು.