ಎಲ್ಲರಿಗೂ ಒಂದೇ ಜಗ್ಗು

“ಅಂದ್ರೆ ನನ್ನ ಕೈ ಕೊಳಕು ಅಂತೀರಾ?”

ಮಹಿಳಾ ವಾರ್ಡಿನ ನಡುವೆ ನಿಂತು ತರುಣ ನರ್ಸ್ ಅಪೆನೀಸಾ ಹಾಗೆ ಕೇಳಿದಾಗ ವಿಲಿಮೈನಾ ತಬ್ಬಿಬ್ಬಾದಳು.

ಫಿಜಿಯ ಆ ಆಸ್ಪತ್ರೆಯ ಲ್ಯಾಬಿನಲ್ಲಿ ರೋಗಾಣು ಬೆಳೆಸಿ ಗುರುತಿಸುವ ಕೆಲಸ ಅವಳದು. ಆ ವಾರ್ಡಿನ ಮೂವರ ಮೂತ್ರದಲ್ಲಿ ಒಂದೇ ಬ್ಯಾಕ್ಟೀರಿಯಾ ಬೆಳೆದಿತ್ತು. ಕ್ಲೆಬ್ಸಿಯೆಲ್ಲಾ! ಸಾಮಾನ್ಯ ಔಷಧಿಗೆ ಬಗ್ಗದ ಜಾತಿ. ಮೂವರಿಗೂ ಮೂತ್ರದ ನಳಿಕೆ ಹಾಕಿದ್ದರು.

“ಹಾಗಲ್ಲ... ಒಬ್ಬರಿಂದ ಒಬ್ಬರಿಗೆ ಹೇಗೋ ಹೋಗ್ತಿದೆ ಅಂದೆ ಅಷ್ಟೇ. ಬೇಡದ ನಳಿಕೆ ತೆಗೆಸಿಬಿಡಿ...”

“ಓಹೋ! ಲ್ಯಾಬಲ್ಲಿ ಕೂತವರಿಗೆ ನಮ್ಮ ವಾರ್ಡೆಲ್ಲ ಕಾಣಿಸುತ್ತೆ!”

ರೋಗಿಗಳು ಕಿಸಕ್ಕೆಂದರು. ಅವಳು ಕಣ್ಣೀರು ನುಂಗಿಕೊಂಡು ಹೊರಟುಬಿಟ್ಟಳು.

ದಿನಾ ಮಾದರಿ ತರುತ್ತಿದ್ದ ಅಪೆನೀಸಾ ಆಮೇಲೆ ಲ್ಯಾಬಿನ ಕಡೆ ತಲೆ ಹಾಕಲಿಲ್ಲ. ಮಾದರಿಗಳನ್ನು ಬೇರೆಯವರ ಕೈಲಿ ಕಳಿಸುತ್ತಿದ್ದ.

‘ಎಷ್ಟು ಸೊಕ್ಕು!’ ಎಂದು ಬೈದುಕೊಂಡಳು. ಆದರೂ ಬಾಗಿಲು ಸದ್ದಾದಾಗಲೆಲ್ಲ ಕಣ್ಣು ಅತ್ತಲೇ ಹೋಗುತ್ತಿತ್ತು... ಯಾಕೆ?

ಅಷ್ಟರಲ್ಲಿ ಅವಳನ್ನು ಸಾಕಿದ ಅಜ್ಜಿ ಸೆರೂವಾ, ಎಲ್ಲರ ಬಾಯಲ್ಲೂ ‘ಬುಬು’, ಅಂದರೆ ಅಜ್ಜಿ, ತೋಟದಲ್ಲಿ ಮರಗೆಣಸು ಕೀಳುವಾಗ ಬಿದ್ದು ಸೊಂಟ ಮುರಿದುಕೊಂಡಳು. ಆಪರೇಷನ್ ಆಗಿ ಅದೇ ವಾರ್ಡಿಗೆ ಬಂದಳು. ಅವಳಿಗೂ ನಳಿಕೆ!

ಮರುದಿನವೇ ನಳಿಕೆ ತೆಗೆದರು. ಆದರೂ ಜ್ವರ ಬಂತು. ಅಜ್ಜಿ ಮೊಮ್ಮಗಳನ್ನೇ ದಿಟ್ಟಿಸಿ, “ಯಾರಮ್ಮ ನೀನು?” ಎಂದಳು.

ವೈದ್ಯರು ಆಸ್ಪತ್ರೆಯಲ್ಲಿದ್ದ ಸಾಮಾನ್ಯ ಔಷಧಿಯನ್ನೇ ಶುರು ಮಾಡಿದರು. ಕ್ಲೆಬ್ಸಿಯೆಲ್ಲಾಗೆ ನಾಟುವ ಔಷಧಿ ಹಿಂದಿನ ಮೂವರಿಗೇ ಮುಗಿದಿತ್ತು. ರಾಜಧಾನಿ ಸುವಾದಿಂದ ಬರಬೇಕಿತ್ತು.

‘ದೇವರೇ, ಅದೊಂದು ಆಗದಿರಲಿ...’

ಬುಬುವಿನ ಮಾದರಿಯನ್ನು ಅವಳೇ ಬೆಳೆಯಲು ಇಟ್ಟಳು. ಫಲಿತಾಂಶದ ದಿನ ತಟ್ಟೆಯ ಮುಚ್ಚಳ ತೆಗೆದಳು. ಕ್ಲೆಬ್ಸಿಯೆಲ್ಲಾದ ಲೋಳೆ ಲೋಳೆಯಾದ ಗುಡ್ಡೆಗಳಿರಲಿಲ್ಲ! ಇದು ಇ. ಕೊಲೈ. ಎಲ್ಲರ ಕರುಳಲ್ಲೂ ಇರುವಂಥದ್ದು. ಪರೀಕ್ಷೆಗೆಂದು ತಟ್ಟೆಯಲ್ಲಿಟ್ಟ ಔಷಧಿಯ ಬಿಲ್ಲೆಯ ಸುತ್ತ ಒಂದು ರೋಗಾಣುವೂ ಬೆಳೆದಿರಲಿಲ್ಲ.

ವಾರ್ಡಿಗೆ ಓಡಿದಳು. ಅಪೆನೀಸಾ ಬುಬುವಿನ ಹಣೆ ಒರೆಸುತ್ತಿದ್ದ.

“ಅದಲ್ಲ... ಅದಲ್ಲ! ಈಗ ಕೊಡ್ತಿರೋ ಔಷಧಿಗೇ ಇದು ಸಾಯುತ್ತೆ!”

ಅವನು ಉಸಿರು ಬಿಟ್ಟು ಸ್ಟೂಲಿನ ಮೇಲೆ ಕುಸಿದು ಕೂತ. ಕಣ್ಣು ತುಂಬಿತ್ತು.

“ನೀವು ಹೇಳಿದ ದಿನವೇ ಹುಡುಕಿದೆ, ವಿಲಿಮೈನಾ. ಎಲ್ಲರ ಮೂತ್ರದ ಚೀಲನೂ ಒಂದೇ ಜಗ್ಗಿಗೆ ಬಗ್ಗಿಸ್ತಿದ್ವಿ. ಈಗ ಒಬ್ಬೊಬ್ಬರಿಗೂ ಬೇರೆ ಬೇರೆ. ಆಮೇಲೆ ಯಾರಿಗೂ ಅದು ಬಂದಿಲ್ಲ.”

“ಬಂದು ಹೇಳಬಾರದಿತ್ತಾ?”

“ಯಾವ ಮುಖ ಹೊತ್ತು ಬರ್ಲಿ? ಎಲ್ಲರೆದುರು ನಿಮ್ಮನ್ನ ಗೇಲಿ ಮಾಡಿದ್ದೆ...”

“ನಾನು ದಿನಾ ಬಾಗಿಲು ನೋಡ್ತಿದ್ದೆ!”

ಬಾಯಿ ತಪ್ಪಿ ಬಂದ ಮಾತಿಗೆ ಅವಳೇ ತುಟಿ ಕಚ್ಚಿಕೊಂಡಳು.

“ವಿಲೀ...” ಬುಬು ಕಣ್ಣು ಬಿಟ್ಟಿದ್ದಳು. “ಜಗಳ ಆಮೇಲೆ ಆಡ್ಕೊಳ್ಳಿ. ಹೊಟ್ಟೆ ಹಸೀತಿದೆ. ಮೀನಿನ ಸಾರು ತಾ.”

ವಿಲಿಮೈನಾ ಅಜ್ಜಿಯ ಕೈ ಕೆನ್ನೆಗೊತ್ತಿಕೊಂಡು ಗಳಗಳನೆ ಅತ್ತಳು. ಹೆಸರು ಹಿಡಿದು ಕರೆದಳಲ್ಲ!

ಸಾರು ತರಲು ಹೊರಟವಳ ಜೊತೆ ಅಪೆನೀಸಾ ಗೇಟಿನವರೆಗೂ ಬಂದ.

“ನಮ್ಮ ಹಿರಿಯರು ಪದ್ಧತಿ ಪ್ರಕಾರ ತಿಮಿಂಗಿಲದ ಹಲ್ಲು ಹಿಡ್ಕೊಂಡು ನಿಮ್ಮನೆಗೆ ಹೆಣ್ಣು ಕೇಳೋಕೆ ಬಂದ್ರೆ... ಬುಬು ಏನಂತಾರೆ?”

“ಬುಬು ಮಾತು ಬುಬೂನೇ ಹೇಳ್ಲಿ.”

“ಮತ್ತೆ... ನಿಮ್ಮ ಮಾತು?”

“ಬೇಗ ಕಳಿಸಿ!”