ಮೂರು ಬೀಜ, ಒಂದು ಫ್ಯಾನ್

ಫ್ಯಾನ್ ಹಾಕಿದ್ದು ನಾನೇ. ತಪ್ಪು ಒಪ್ಪಿಕೊಳ್ಳಲು ನನಗೆ ನಾಚಿಕೆಯಿಲ್ಲ. ಆದರೆ ಆ ಕೋಣೆಯ ಸೆಕೆಯಲ್ಲಿ ನೀವಿದ್ದರೂ ಅದನ್ನೇ ಮಾಡುತ್ತಿದ್ದಿರಿ.

ನಾನು ಕನ್ನಡಕದಂಗಡಿಯಲ್ಲಿ ಗಾಜಿನ ಅಂಚು ಉಜ್ಜಿ ಫ್ರೇಮಿಗೆ ಕೂರಿಸುವವಳು. ಆ ಕೋಣೆ ನಮ್ಮ ಗಿರಾಕಿಯೊಬ್ಬರದು; ಅವರು ಸಿಟಿ ಬಸ್ಸಿನ ಡ್ರೈವರ್. ದೂರದ್ದೆಲ್ಲ ಚೆನ್ನಾಗಿ ಕಾಣುತ್ತಿತ್ತು, ಕೈಯಲ್ಲಿರುವುದು ಮಾತ್ರ ಕಾಣುತ್ತಿರಲಿಲ್ಲ. ಓದುವ ಕನ್ನಡಕಕ್ಕೆ ಹೇಳಿಹೋದವರು ಎರಡು ವಾರವಾದರೂ ಪತ್ತೆಯಿಲ್ಲ. ಮನೆ ನಮ್ಮ ಹಿಂದಿನ ಬೀದಿಯಲ್ಲೇ ಎಂದು ಗೊತ್ತಾಗಿ, ಒಂದು ಭಾನುವಾರ ಬೆಳಿಗ್ಗೆ ನಾನೇ ಕೊಡಲು ಹೋದೆ.

"ಬಾಗಿಲು ತೆಗೆದಿದೆ, ಕೂತ್ಕೊಳ್ಳಿ, ಕೈ ತೊಳ್ಕೊಂಡು ಬಂದೆ," ಎಂದು ಹಿತ್ತಲಿನಿಂದ ದನಿ ಬಂತು. ಸ್ವಿಚ್ ಒತ್ತಿ ಕೂತೆ.

ಮೇಜಿನ ಮೇಲೆ ಮೂರು ಚೀಟಿ, ಒಂದೊಂದರ ಮೇಲೆ ಒಂದೊಂದು ಬೀಜ. ಹೆಬ್ಬೆರಳ ಉಗುರಿಗಿಂತ ದೊಡ್ಡವು. ಕಣ್ಣು ಮಿಟುಕಿಸುವಷ್ಟರಲ್ಲಿ ಚೀಟಿಗಳು ಹಾರಿ, ಬೀಜಗಳು ನೆಲಕ್ಕೆ ಬಿದ್ದು ಚೆಲ್ಲಾಪಿಲ್ಲಿಯಾದವು. ನಾನು ಮೂರನ್ನೂ ಒಂದೇ ಮುಷ್ಟಿಯಲ್ಲಿ ಬಾಚಿಕೊಂಡು ಏಳುವುದಕ್ಕೂ ಅವರು ಬಾಗಿಲಿಗೆ ಬರುವುದಕ್ಕೂ ಸರಿಹೋಯಿತು.

"ಅಯ್ಯೋ! ಏನ್ ಮಾಡಿಬಿಟ್ರಿ!"

"ಬೀಜ ಬಿತ್ತು, ಎತ್ತಿದೆ. ಅದಕ್ಕೆ ಹೀಗಾ ಕಿರುಚೋದು?"

"ಯಾವ್ದು ಯಾವ ಚೀಟೀದು ಅಂತ ಈಗ ಹೇಳಿ ನೋಡೋಣ!"

ಅವು ದೈತ್ಯ ಕುಂಬಳದ ಬೀಜಗಳು. ತಾಯಿ ಕಾಯಿ ಎಷ್ಟು ಕಿಲೋ ತೂಗಿತ್ತು, ಪರಾಗ ಕೊಟ್ಟ ತಂದೆ ಬಳ್ಳಿ ಯಾವುದು, ಎಲ್ಲ ಚೀಟಿಯಲ್ಲಿ ಬರೆದಿರುತ್ತದಂತೆ. ಸಂಬಂಧ ನೋಡುವವರೂ ಇಷ್ಟು ವಿಚಾರಿಸುವುದಿಲ್ಲ. ಎರಡು ಬೀಜ ಬೇರೆ ಬೆಳೆಗಾರರು ಅಂಚೆಯಲ್ಲಿ ಕಳಿಸಿದ್ದು. ಮೂರನೆಯದು ಅವರ ಅಮ್ಮ ಬೆಳೆದ ಕೊನೆಯ ಕಾಯಿಯದು. ಅಮ್ಮ ತೀರಿಕೊಂಡು ಐದು ವರ್ಷ, ಉಳಿದಿದ್ದದ್ದು ಅದೊಂದೇ ಬೀಜ. ಪ್ರತಿ ವರ್ಷ ಅದನ್ನು ಹೊರಗೆ ತೆಗೆದು, ಉಳಿದವುಗಳ ಜೊತೆ ಹೋಲಿಸಿ, ಕೊನೆಗೆ ಬೇರೆಯದನ್ನೇ ಆರಿಸಿ, ಅದನ್ನು ಮತ್ತೆ ಡಬ್ಬಿಗೆ ಹಾಕುತ್ತಿದ್ದರಂತೆ. ನೆಟ್ಟು ಹುಟ್ಟದೇ ಹೋದರೆ ಎಂಬ ಭಯ.

ಕೇಳಿ ನನ್ನ ಜೀವ ಬಾಯಿಗೆ ಬಂತು. ಆದರೂ ಈ ಬಾಯಿ ಸುಮ್ಮನಿರಬೇಕಲ್ಲ! "ಕೂಗಾಡಿದ್ರೆ ಬೀಜ ಮಾತಾಡತ್ತಾ? ಮೊದ್ಲು ಕನ್ನಡಕ ಹಾಕ್ಕೊಂಡು ನೋಡಿ."

ಹಾಕಿಕೊಂಡರು. ನನ್ನ ಅಂಗೈಯನ್ನು ಕಿಟಕಿಯ ಬೆಳಕಿಗೆ ತಿರುಗಿಸಿ, ಒಂದೊಂದೇ ಬೀಜವನ್ನು ಮಗುಚಿ ನೋಡಿದರು. ಆಮೇಲೆ ತಲೆಯೆತ್ತಿ ನನ್ನ ಮುಖ ನೋಡಿದರು. ಹಿಡಿದ ಕೈ ಬಿಡಲು ಮರೆತಿದ್ದರು. ಸಿಟ್ಟು ಎಲ್ಲಿ ಹೋಯಿತೋ! ದುಃಖ ಸಿಟ್ಟನ್ನು ನುಂಗಿತು ಎಂದುಕೊಂಡೆ.

"ಇನ್ನು ಮೂರನ್ನೂ ಹಾಕ್ಲೇಬೇಕು," ಎಂದರು ಮೆಲ್ಲಗೆ. "ನನ್ ಹಿತ್ತಲಲ್ಲಿ ಎರಡು ಬಳ್ಳಿಗಷ್ಟೇ ಜಾಗ. ನಿಮ್ಮಲ್ಲಿ?"

"ನಾನಿರೋ ಅಕ್ಕನ ಮನೆ ಹಿಂದೆ ಇದೆ. ಬಟ್ಟೆ ಒಣಗಿಸೋ ಜಾಗ."

ಮರುದಿನ ಸಂಜೆ ಬೀಜಗಳ ಜೊತೆ ಉಪ್ಪುಕಾಗದ ಹಿಡಿದು ನಮ್ಮ ಮನೆಗೆ ಬಂದರು. ಈ ಬೀಜಗಳ ಸಿಪ್ಪೆ ದಪ್ಪ. ನೀರು ಒಳಗಿಳಿಯಲಿ ಎಂದು ಅಂಚನ್ನು ಸವೆಸಬೇಕು, ಬೇರು ಹೊರಡುವ ಚೂಪು ತುದಿಯನ್ನು ಮಾತ್ರ ಮುಟ್ಟಬಾರದು. ಅಂಚು ಉಜ್ಜುವ ವಿದ್ಯೆ ನನಗೆ ಹೇಳಿಕೊಡಬೇಕೇ? ಎರಡನ್ನು ನಾನೇ ಉಜ್ಜಿದೆ. ಮೂರನೆಯದನ್ನು ಅವರು ಆಗಲೇ ಒದ್ದೆ ಬಟ್ಟೆಯಲ್ಲಿ ಸುತ್ತಿಬಿಟ್ಟಿದ್ದರು.

"ಅದಕ್ಕೆ ಬೇಡ. ಅದು ನಿಮ್ದು. ಹಾಗೇ ಇರ್ಲಿ."

"ನನ್ ಬೀಜಕ್ಕೆ ಮಾತ್ರ ಮಲತಾಯಿ ಧೋರಣೆಯಾ?"

ಅವರು ನಕ್ಕರು. ನಗುವಾಗ ಎಡಗೆನ್ನೆಯಲ್ಲಿ ಮಾತ್ರ ಒಂದು ಗೆರೆ ಬೀಳುತ್ತದೆ. ಅವತ್ತೇ ಅದನ್ನು ಗಮನಿಸಿದ್ದು, ನನ್ನ ಗ್ರಹಚಾರ.

ನನ್ನದು ಹನ್ನೆರಡನೇ ದಿನ ಮೊಳೆಯಿತು. ಅವರು ಅದರೆದುರು ಕುಕ್ಕರುಗಾಲಲ್ಲಿ ಕೂತು ಬಹಳ ಹೊತ್ತು ಏಳಲಿಲ್ಲ.

"ಏನ್ರೀ, ಕಣ್ಣೀರು?"

"ಮಣ್ಣು ಬಿತ್ತು."

ಅಲ್ಲಿಂದ ಪ್ರತಿ ಸಂಜೆ ಪಾಳಿ ಮುಗಿಸಿ ಬರತೊಡಗಿದರು. ಬಳ್ಳಿ ದಿನಕ್ಕೊಂದು ಗೇಣು ಬೆಳೆದರೆ ನಮ್ಮ ಮಾತು ದಿನಕ್ಕೊಂದು ಮಾರು ಬೆಳೆಯುತ್ತಿತ್ತು. ಅಗಲವಾದ ಎಲೆಗಳ ನಡುವೆ ಅವರು ನೀರು ಹಾಕುತ್ತ ಹೋಗುವುದು, ಮೊಳಕಾಲು ಮುಳುಗಿ ಹಸಿರಿನಲ್ಲಿ ತೇಲಿದಂತೆ ಕಾಣುವುದು, ನಾನು ಅಡುಗೆಮನೆ ಕಿಟಕಿಯಲ್ಲಿ ತೊಳೆದ ಲೋಟವನ್ನೇ ಮತ್ತೆ ತೊಳೆಯುವುದು.

"ಕುಂಬಳ ನೋಡೋಕೆ ಬರೋರು ಇಸ್ತ್ರಿ ಶರ್ಟ್ ಹಾಕ್ತಾರೇನೇ?" ಎಂದು ಅಕ್ಕ ಕೇಳಿದಳು.

"ನಿಂಗೆ ಬೇರೆ ಕೆಲ್ಸ ಇಲ್ವಾ?"

ಹೆಣ್ಣು ಹೂವು ಅರಳುವ ಹಿಂದಿನ ಸಂಜೆ ಅದರ ಬಾಯಿಗೆ ದಾರ ಕಟ್ಟಿದೆವು, ಯಾವುದೋ ದುಂಬಿ ಮೊದಲೇ ಬಂದು ಕೆಡಿಸಬಾರದೆಂದು. ಬೆಳಕು ಹರಿಯುವ ಹೊತ್ತಿಗೆ ಅವರು ತಮ್ಮ ಹಿತ್ತಲಿನ ಗಂಡು ಹೂವು ಹಿಡಿದು ಬಂದರು. ಮಂಜಿಗೆ ಎಲ್ಲವೂ ಮಸುಕಾಗಿತ್ತು. ನಾನು ದಾರ ಬಿಚ್ಚಿ ಎಸಳು ಹಿಡಿದುಕೊಂಡೆ, ಅವರು ಪರಾಗ ಸವರಿದರು. ಬೆರಳಿಗೆ ಬೆರಳು ತಾಗಿ ನನ್ನ ಕೈಯೂ ಹಳದಿಯಾಯಿತು. ಆ ದಿನ ಅಂಗಡಿಗೆ ಹೋಗುವವರೆಗೂ ನಾನದನ್ನು ತೊಳೆಯಲಿಲ್ಲ.

ನನಗೆ ಅವರ ಮೇಲೆ ಮನಸ್ಸಾಗಿತ್ತು. ಇದರಲ್ಲಿ ಸುತ್ತಿ ಬಳಸಿ ಹೇಳುವುದೇನಿದೆ? ಹೇಳಲು ಮಾತ್ರ ಧೈರ್ಯವಿರಲಿಲ್ಲ. ಅಷ್ಟರಲ್ಲಿ ಅವರ ಹಿತ್ತಲ ಬಳ್ಳಿಯೊಂದರಲ್ಲಿ ಭರ್ಜರಿ ಕಾಯಿ ಊದಿಕೊಂಡಿತು. ಇದೇ ಅಮ್ಮನದು ಎಂದು ಬೀದಿಯವರೆಲ್ಲ ತೀರ್ಮಾನಿಸಿದರು. ಅಮ್ಮನ ಬಳ್ಳಿ ಸಿಕ್ಕಿದ ಮೇಲೆ ಅವರು ನಮ್ಮ ಹಿತ್ತಲಿಗೆ ಯಾಕೆ ಬರಬೇಕು?

ಅದೇ ಯೋಚನೆಯಲ್ಲಿ ಅಂಗಡಿಯಲ್ಲಿ ಒಂದು ಗಾಜನ್ನು ಚಕ್ರಕ್ಕೆ ಹಿಡಿಯಹೋದೆ. ಬೆರಳಿಗೆ ಅಂಚು ನುಣ್ಣಗೆ ಹತ್ತಿತು. ಬೆಳಿಗ್ಗೆಯೇ ಉಜ್ಜಿಟ್ಟಿದ್ದ ಗಾಜು ಅದು. ಒಮ್ಮೆ ಉಜ್ಜಿದ್ದನ್ನು ಯಾರಾದರೂ ಮತ್ತೆ ಉಜ್ಜುತ್ತಾರೆಯೇ?

ಉಜ್ಜುವುದಿಲ್ಲ. ಅದಕ್ಕೆ ಬೇಡ, ಹಾಗೇ ಇರಲಿ ಎನ್ನುತ್ತಾರೆ.

ನನಗೆ ತಲೆನೋವೆಂದು ಅಂಗಡಿ ಯಜಮಾನರಿಗೆ ಹೇಳಿ, ನಮ್ಮ ಡ್ರೈವರ್ ಓಡಿಸುವ ಬಸ್ ಹತ್ತಿದೆ. ಕೊನೆಯ ಸ್ಟಾಪಿನಲ್ಲಿ ಎಲ್ಲರೂ ಇಳಿದರು, ನಾನು ಇಳಿಯಲಿಲ್ಲ.

"ಕುಂಬಳಕಾಯಿ ಕಳ್ಳ ಸಿಕ್ಕಿಬಿದ್ದ!" ಎಂದೆ.

ಬೆವರು ಒರೆಸಲೋ ಏನೋ, ಅವರ ಕೈ ನಿಜವಾಗಿಯೂ ಹೆಗಲಿಗೆ ಹೋಯಿತು.

"ನನ್ ಬೀಜ ಮೊದ್ಲೇ ಉಜ್ಜಿದ್ದು. ಯಾರು ಉಜ್ಜಿದ್ದು?"

ಎಂಜಿನ್ ಆರಿಸಿದರು. "ಅಮ್ಮ. ಬೀಜ ಒಣಗಿದ ಕೂಡ್ಲೇ ಉಜ್ಜಿಡ್ತಿದ್ರು. ಹಾಗೆ ಇಡಬಾರ್ದು ಅಂತ ಯಾರು ಹೇಳಿದ್ರೂ ಕೇಳ್ತಿರ್ಲಿಲ್ಲ."

"ನಿಮಗೆ ಯಾವಾಗ ಗೊತ್ತಾಯ್ತು?"

"ನೀವು ತಂದ ಕನ್ನಡಕ ಹಾಕ್ಕೊಂಡ ತಕ್ಷಣ."

"ಹೇಳೋಕೇನು ರೋಗ ಬಂದಿತ್ತು? ಇದ್ದದ್ದು ಅದೊಂದೇ! ನನ್ ಕೈಲಿ ಸತ್ತೋಗಿದ್ರೆ?"

"ನನ್ ಕೈಲಿ ಡಬ್ಬಿಯೊಳಗೆ ಐದು ವರ್ಷದಿಂದ ಸಾಯ್ತಾನೇ ಇತ್ತಲ್ಲ." ಸ್ಟೀರಿಂಗ್ ನೋಡುತ್ತ ಹೇಳಿದರು. "ನೀವು ಬಂದ್ರಿ, ಫ್ಯಾನ್ ಹಾಕಿದ್ರಿ, ನನಗೇ ಬೈದ್ರಿ. ನಿಮಗೆ ಭಯವೇ ಇರ್ಲಿಲ್ಲ. ಇವರ ಕೈಲಿ ಬದುಕತ್ತೆ ಅನ್ನಿಸ್ತು. ಆಮೇಲೆ... ದಿನಾ ಬರೋಕೆ ಒಂದು ನೆಪನೂ ಬೇಕಿತ್ತು."

"ಬಳ್ಳಿ ಒಣಗಿದ ಮೇಲೆ?"

ಈಗ ನನ್ನ ಕಡೆ ತಿರುಗಿದರು. "ನೆಪ ಬೇಡ ಅನ್ನಿ. ಸುಮ್ನೆ ಬರ್ತೀನಿ. ನಂಗೆ ನೀವು ಬೇಕು."

ತಲೆಯಾಡಿಸಿದೆ, ಬೇಕಾದ್ದಕ್ಕಿಂತ ಜಾಸ್ತಿ ಸಲ.

ನಮ್ಮ ಕಾಯಿ ಇನ್ನೂರ ಎಂಬತ್ತೆಂಟು ಕಿಲೋ ತೂಗಿತು. ಅಮ್ಮ ಬೆಳೆದ ಕೊನೆಯ ಕಾಯಿಗಿಂತ ಕಡಿಮೆಯೇ. ಒಳಗೆ ಮುನ್ನೂರಕ್ಕೂ ಹೆಚ್ಚು ಬೀಜಗಳಿದ್ದವು.

ಮುಂದಿನ ಬಿತ್ತನೆಯ ಹೊತ್ತಿಗೆ ನಾನು ಅದೇ ಮೇಜಿನೆದುರು ಕೂತಿದ್ದೆ, ಈಗ ಅದು ನನ್ನ ಮನೆಯ ಮೇಜು. ಬೆರಳಲ್ಲಿ ಒತ್ತಿ, ಗಟ್ಟಿಯಾದವನ್ನು ಆರಿಸಿ, ಅತ್ತೆಯ ಹಾಗೆ ಅಂಚು ಉಜ್ಜಿಡುತ್ತಿದ್ದೆ. ಅವರು ಕನ್ನಡಕ ಹಾಕಿಕೊಂಡು ಪ್ರತಿ ಚೀಟಿಯಲ್ಲೂ ಬರೆಯುತ್ತಿದ್ದರು: ತಾಯಿ, ಅವಳ ಹಿತ್ತಲು. ತಂದೆ, ನನ್ನ ಹಿತ್ತಲು. ಮೇಜಿನ ತುಂಬ ಚೀಟಿ, ಚೀಟಿಯ ಮೇಲೆ ಬೀಜ. ವಿಪರೀತ ಸೆಕೆ. ಕತ್ತಿನಿಂದ ಬೆವರು ಇಳಿಯುತ್ತಿದ್ದರೂ ನಾನು ಸ್ವಿಚ್ಚಿನ ಕಡೆ ಕಣ್ಣೆತ್ತಲಿಲ್ಲ.

ಅವರೇ ಎದ್ದು ಹೋಗಿ ಫ್ಯಾನ್ ಹಾಕಿದರು.

"ಅಯ್ಯೋ, ಚೀಟಿ!"

"ಹಾರ್ಲಿ ಬಿಡೇ," ಎಂದರು. "ಎಲ್ಲಾ ಒಂದೇ ತಾಯಿ ಮಕ್ಳು."