ಕೆಂಪಾಗದ ಟೆಸ್ಟು

ಆಫೀಸಿನಲ್ಲಿ ಅವನಿಗೆ ಆಯ್ತಪ್ಪ ಎಂದೇ ಹೆಸರು. ಏನು ಕೇಳಿದರೂ "ಆಯ್ತು" ಎನ್ನುವವನಿಗೆ ಇನ್ನೇನು ಹೆಸರಿಡುತ್ತಾರೆ? ಟೀ ಕುಡಿಯೋಣವಾ ಎಂದರೆ ಆಯ್ತು, ಬೇಡ ಬಿಡು ಎಂದರೂ ಆಯ್ತು. ಅದೇ ಆಫೀಸಿನ ಟೆಸ್ಟರಮ್ಮ ಅವನಿಗೆ ಮನಸೋತದ್ದೂ ಅದಕ್ಕೇ. ಎಲ್ಲರ ಕೆಲಸದಲ್ಲೂ ತಪ್ಪು ಹುಡುಕಿ ಬೈಸಿಕೊಳ್ಳುವ ಹುಡುಗಿಗೆ, ಎದುರು ಮೇಜಿನಲ್ಲಿ ಕನ್ನಡಕದ ಮೇಲಿಂದ ಇಣುಕಿ ನಗುವವನೊಬ್ಬ ಇದ್ದಾನೆಂಬುದೇ ದೊಡ್ಡ ಸಮಾಧಾನವಾಗಿತ್ತು. ಬರುವ ಭಾನುವಾರ ಅವನು ಮನೆಗೆ ಬಂದು ಅವಳ ಅಪ್ಪನ ಹತ್ತಿರ ಮದುವೆಯ ಮಾತೆತ್ತುವವನಿದ್ದ.

ಅಂಥವನ ಮೇಲೆ ಈ ಸೋಮವಾರ ಅವಳ ಮೈಯೆಲ್ಲ ಉರಿಯುತ್ತಿತ್ತು.

ಆಸ್ಪತ್ರೆಯೊಂದರ ಅಪಾಯಿಂಟ್‌ಮೆಂಟ್ ಕೊಡುವ ಹಳೇ ವೆಬ್‌ಸೈಟನ್ನು ಹೊಸ ವರ್ಷನ್‌ಗೆ ಏರಿಸಬೇಕಿತ್ತು. ಏರಿಸುವಾಗ ಎಲ್ಲಿ ಏನು ಕೆಡುತ್ತದೋ ಯಾರಿಗೂ ಗೊತ್ತಿಲ್ಲ. ಅದಕ್ಕೇ ಮೊದಲು ಟೆಸ್ಟು: ರೋಗಿಯ ಹಾಗೆ ತಾನೇ ಬಟನ್ ಒತ್ತಿ, ಬಂದ ಉತ್ತರ ಸರಿಯೇ ಎಂದು ನೋಡುವ ಪುಟ್ಟ ಪ್ರೋಗ್ರಾಂಗಳು. ಸರಿಯಿದ್ದರೆ ಹಸಿರು, ಕೆಟ್ಟರೆ ಕೆಂಪು. ಬುಕಿಂಗ್ ಪುಟದ ಟೆಸ್ಟುಗಳನ್ನು ಅವನು ಬರೆದಿದ್ದ. ಎಲ್ಲವೂ ಹಸಿರು.

ಕೆಂಪಾಗಿದ್ದನ್ನು ಕಣ್ಣಾರೆ ಕಾಣದೆ ಯಾವ ಟೆಸ್ಟನ್ನೂ ನಂಬುವವಳಲ್ಲ ಅವಳು. ಒಂದೇ ಸಮಯವನ್ನು ಇಬ್ಬರು ರೋಗಿಗಳಿಗೆ ಕೊಡದಂತೆ ತಡೆಯುವ ಸಾಲನ್ನು ಬೇಕೆಂದೇ ತೆಗೆದು ಟೆಸ್ಟು ಓಡಿಸಿದಳು. ಹಸಿರು. ಇನ್ನೊಂದು ಸಾಲು ಕೆಡಿಸಿದಳು. ಆಗಲೂ ಹಸಿರು. ಬಿಚ್ಚಿ ನೋಡಿದರೆ, ಟೆಸ್ಟು ಪುಟ ತೆರೆಯುತ್ತಿತ್ತು, ಬಟನ್ ಒತ್ತುತ್ತಿತ್ತು, ಬಂದ ಉತ್ತರವನ್ನು ಮಾತ್ರ ನೋಡುತ್ತಲೇ ಇರಲಿಲ್ಲ.

"ಏನೋ ಇದು?"

ಅವನು ತಲೆ ತಗ್ಗಿಸಿದ. "ಹೋದ ವಾರಾನೇ ಮುಗಿಸ್ಕೊಡು ಅಂದ್ಯಲ್ಲ. ಆಯ್ತು ಅಂದ್ಬಿಟ್ಟೆ."

"ಆಗಲ್ಲ ಅನ್ನೋಕೆ ಏನಾಗಿತ್ತು?"

"ನಿಂಗೆ ಬೇಜಾರಾಗುತ್ತೆ ಅಂತ... ಆಮೇಲೆ ಸರಿಮಾಡೋಣ ಅಂದ್ಕೊಂಡಿದ್ದೆ ಕಣೇ."

"ಹಾಗಾದ್ರೆ, ನನ್ನ ಮದುವೆ ಆಗ್ತೀಯಾ ಅಂತ ಕೇಳ್ದಾಗ ಆಯ್ತು ಅಂದ್ಯಲ್ಲ? ಅದೂ ನಂಗೆ ಬೇಜಾರಾಗ್ಬಾರ್ದು ಅಂತಾನಾ?"

ಅವನು ಕನ್ನಡಕ ತೆಗೆದು ಒರೆಸತೊಡಗಿದ. ಸುಳ್ಳಾದರೂ ಒಂದು ಮಾತು ಹೇಳಬಾರದಿತ್ತೇ ಎನಿಸಿತು ಅವಳಿಗೆ. ವಾಶ್‌ರೂಮಿಗೆ ಹೋಗಿ ನಲ್ಲಿ ಜೋರಾಗಿ ಬಿಟ್ಟುಕೊಂಡು ಅತ್ತಳು. ನಾವಿಬ್ಬರೂ ಒಂದು ದಿನವೂ ಜಗಳವಾಡಿಲ್ಲ ಎಂದು ಅಕ್ಕನ ಹತ್ತಿರ ಎಷ್ಟು ಜಂಬ ಕೊಚ್ಚಿಕೊಂಡಿದ್ದಳು!

ಆ ವಾರವೆಲ್ಲ ಕೆಲಸದ ಮಾತು ಬಿಟ್ಟರೆ ಬೇರೆ ಮಾತಿಲ್ಲ. ಅವನು ಟೆಸ್ಟುಗಳನ್ನು ಮೊದಲಿನಿಂದ ಬರೆಯುತ್ತಿದ್ದ, ಅವಳ ಹಾಗೇ ಸಾಲು ಕೆಡಿಸಿ ಓಡಿಸುತ್ತಿದ್ದ. ಕದ್ದು ನೋಡಿದಾಗಲೆಲ್ಲ ಅವನ ಪರದೆಯ ತುಂಬ ಕೆಂಪು. ಅವನು ತಲೆಯೆತ್ತಿದರೆ ಅವಳ ಕಣ್ಣು ಕೀಬೋರ್ಡಿನ ಮೇಲೆ.

ಶುಕ್ರವಾರ ಮ್ಯಾನೇಜರ್ ಬಂದರು. "ನಾಳೇನೇ ಏರಿಸಿಬಿಡೋಣ, ಏನಪ್ಪಾ?"

ಆಫೀಸಿಗೆ ಆಫೀಸೇ ಅವನ ಹಳೇ ಮಾತಿಗೆ ಕಾಯಿತು.

"ಆಗಲ್ಲ ಸರ್. ಟೆಸ್ಟು ಮುಗಿದಿಲ್ಲ. ಮುಗೀತು ಅಂದಿದ್ದು ನನ್ನ ತಪ್ಪು."

ಅವನ ಕಿವಿ ಕೆಂಪೇರಿತ್ತು. ಮ್ಯಾನೇಜರ್ ಎಲ್ಲರೆದುರೂ ಬೈದರು. ಅವನು ನಿಂತು ಬೈಸಿಕೊಂಡ, ಮಾತು ಬದಲಿಸಲಿಲ್ಲ.

ಸಂಜೆ ಲಿಫ್ಟಿನ ಹತ್ತಿರ ಅವಳು ಅವನನ್ನು ತಡೆದಳು.

"ಮದುವೆ ಆದ್ಮೇಲೆ ನಮ್ಮಪ್ಪನ ಮನೆ ಮಹಡೀಲೇ ಇರೋಣ ಅಂದಾಗ ನೀನು ಆಯ್ತು ಅಂದಿದ್ದೆ. ಈಗ ಹೇಳು."

ಅವನು ಹೆಗಲಿನ ಬ್ಯಾಗನ್ನು ಕೆಳಗಿಟ್ಟ. "ಇಲ್ಲ ಕಣೇ, ನನ್ನಿಂದಾಗಲ್ಲ. ನಿಮ್ಮಪ್ಪ ಕೆಳಗಡೆ ಕೆಮ್ಮಿದ್ರೂ ನಾನು ಆಯ್ತು ಅಂದ್ಬಿಡ್ತೀನಿ. ಚಿಕ್ಕದಾದ್ರೂ ಬೇರೆ ಮನೆ ಮಾಡೋಣ."

ಅವಳಿಗೆ ನೋವಾಯಿತು. ಆ ಮಹಡಿಯ ಕಿಟಕಿಗೆ ಕರ್ಟನ್ ಬಟ್ಟೆ ಕೂಡ ನೋಡಿಟ್ಟಿದ್ದಳು. ಆದರೂ ವಾರದಿಂದ ಎದೆಯ ಮೇಲೆ ಕೂತಿದ್ದ ಭಾರ ತುಸು ಇಳಿದಂತಾಯಿತು.

"ಮತ್ತೆ ಭಾನುವಾರ?"

ನಾಲಗೆಯ ತುದಿಗೆ ಬಂದ ಹಳೇ ಮಾತನ್ನು ಅವನು ನುಂಗಿಕೊಂಡದ್ದು ಅವಳಿಗೆ ಕಂಡಿತು.

"ನೀನು ಬೇಡ ಅಂದ್ರೂ ಬರ್ತೀನಿ. ಯಾರಿಗೆ ಬೇಜಾರಾದ್ರೂ ಆಗ್ಲಿ. ನಂಗೆ ನೀನು ಬೇಕು."

ಲಿಫ್ಟು ಬಂತು, ಬಾಗಿಲು ತೆರೆದು ಮುಚ್ಚಿ ಹೊರಟೂ ಹೋಯಿತು. ಇಬ್ಬರೂ ಹತ್ತಲಿಲ್ಲ.

"ಆಯ್ತು," ಎಂದಳು ಅವಳು.